ಗುಂಡಿಯ ನೀರು, ದೋಣಿ ಮತ್ತು ಅನರ್ಥದಂಡ

ಗರಸು ತೆಗೆದು ಬಿಟ್ಟ ಗುಂಡಿಯಲ್ಲಿ ನೀರು ತುಂಬಿದ ಮೇಲೆ ಅದನ್ನು ದೋಣಿವಿಹಾರಕ್ಕೆ ತೆರೆಯಬೇಕೆ, ಹಾಗೆಯೇ ಬಿಡಬೇಕೆ ಎಂಬ ಚರ್ಚೆಯಲ್ಲಿ, ಗುಂಡಿಯನ್ನು ಮನುಷ್ಯನೇ ಅಗೆದಿರುವುದರಿಂದ ಅದರ ಮೇಲಿನ ಹಕ್ಕೂ ಪೂರ್ತಿಯಾಗಿ ಅವನದೇ ಎಂಬ ವಾದ ಎಲ್ಲಕ್ಕಿಂತ ಮೊದಲು ಬರುತ್ತದೆ. ಬೆಳಗಾವಿ ಸೀಮೆಯ ಘಟಪ್ರಭಾ ಕಣಿವೆಯ ಚರಿತ್ರೆ ಈ ವಾದಕ್ಕೆ ಬೆಂಬಲವಾಗಿ ನಿಲ್ಲುವುದಿಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಸುಮಾರು 51 ಟಿಎಂಸಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯವಾಗಲಿ, ಗೋಕಾಕ ತಾಲೂಕಿನ ಧೂಪದಾಳದಲ್ಲಿ 19ನೇ ಶತಮಾನದ ಕೊನೆಗೆ ಕಟ್ಟಿದ ಒಡ್ಡಾಗಲಿ, ಆ ಒಡ್ಡಿನಿಂದ ಹೊರಟು ಮೂಡಲಗಿ ಸೀಮೆಯ ಹೊಲಗಳಿಗೆ ನೀರುಣಿಸುವ ಎಡದಂಡೆ ಕಾಲುವೆಯಾಗಲಿ ಪ್ರಕೃತಿ ಕೊಟ್ಟವಲ್ಲ. ಆದರೂ ಧೂಪದಾಳದ ಹಿನ್ನೀರನ್ನೂ ಅದರ ಆಸುಪಾಸಿನ ನದೀಪಾತ್ರವನ್ನೂ ಒಳಗೊಂಡ ಸುಮಾರು 29 ಚದರ ಕಿಲೋಮೀಟರು ಪ್ರದೇಶ 1974ರಲ್ಲಿ ಘಟಪ್ರಭಾ ಪಕ್ಷಿಧಾಮವೆನಿಸಿತು. ನೀರಾವರಿಗೆಂದು ನಿಲ್ಲಿಸಿದ ನೀರಿಗೆ ಚಳಿಗಾಲದಲ್ಲಿ ಡೆಮೊಸೆಲ್ ಕ್ರೇನ್, ಯುರೋಪಿನ ಬಿಳಿ ಕೊಕ್ಕರೆಯಂಥ ವಲಸೆ ಹಕ್ಕಿಗಳು ಬಂದು ಇಳಿದವು. ಕಾನೂನು ಅವುಗಳ ಹಿಂದೆ ಬಂದಿತು. ನೀರು ಯಾರ ಕೈಯಿಂದ ನಿಂತಿತು ಎಂಬುದು ಒಂದು ಪ್ರಶ್ನೆ, ಈಗ ಅದನ್ನು ನಂಬಿ ಯಾರು ಬದುಕಿದ್ದಾರೆ ಎಂಬುದು ಬೇರೆಯೇ ಪ್ರಶ್ನೆ.

ಈ ಎರಡನೆಯ ಪ್ರಶ್ನೆಗೆ ಬೇಕಾದ ಸೂಕ್ಷ್ಮವಾದ ಅಳತೆಗೋಲು, ಹೊಲ ಉಳುವ ಜೈನರು ತಲೆತಲಾಂತರದಿಂದ ನೆಲೆಸಿರುವ ಬೆಳಗಾವಿ ಸೀಮೆಗೆ ಹೊಸದೇನಲ್ಲ. ಜೈನ ದರ್ಶನದ ಪ್ರಕಾರ ನೀರು ಜೀವಿಗಳ ಆಸರೆಯಷ್ಟೇ ಆಗಿರದೆ, ಸ್ಪರ್ಶವೆಂಬ ಒಂದೇ ಇಂದ್ರಿಯವುಳ್ಳ ಜೀವಗಳ, ಅಂದರೆ ಅಪ್ಕಾಯಿಕ ಜೀವಗಳ, ಶರೀರವೂ ಆಗಿದೆ. ಆದ್ದರಿಂದಲೇ ನಿಷ್ಠೆಯುಳ್ಳ ಮನೆಗಳಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿದ ಮೇಲೆ, ಬಟ್ಟೆಗೆ ಅಂಟಿದ ಸೂಕ್ಷ್ಮ ಜೀವಿಗಳನ್ನು ಮೋರಿಗೆ ಕೊಡವದೆ, ಸೋಸಿದ ನೀರನ್ನೇ ಅದರ ಮೇಲೆ ಸುರಿದು, ನೀರು ಸೇದಿದ ಅದೇ ಬಾವಿಗೆ ಮೆಲ್ಲಗೆ ಇಳಿಸಿ ಬಿಡುವ ರೂಢಿಯುಂಟು; ಬೇರೆ ಬಾವಿಯ ನೀರಿನಲ್ಲಿ ಅವು ಬದುಕಲಾರವು ಎಂಬುದು ಅದರ ಹಿಂದಿನ ತಿಳಿವಳಿಕೆ. ಇದನ್ನು ಕೊನೆಯವರೆಗೆ ಎಳೆದರೆ ಕಾಲುವೆಯನ್ನೇ ಮುಚ್ಚಬೇಕಾದೀತು ಎಂಬ ಆಕ್ಷೇಪಕ್ಕೆ ಉತ್ತರವಾಗಿ ಆಚಾರ್ಯರು ಶ್ರಾವಕನ, ಎಂದರೆ ಗೃಹಸ್ಥನ, ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದರು. ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಅವನು ಪೂರ್ತಿ ಬಿಡಬೇಕು. ಅಡಿಗೆ ಮೊದಲಾದ ಮನೆವಾರ್ತೆಯ ಆರಂಭೀ, ಕೃಷಿ ಮೊದಲಾದ ಕಸುಬಿನ ಉದ್ಯೋಗೀ, ಆತ್ಮರಕ್ಷಣೆಯ ವಿರೋಧೀ ಹಿಂಸೆಗಳು ಅನಿವಾರ್ಯವಾದುದರಿಂದ ಅವುಗಳಲ್ಲಿ ಎಚ್ಚರವಿದ್ದರೆ ಸಾಕು.

ವಿಹಾರದ ದೋಣಿ ಈ ನಾಲ್ಕರಲ್ಲಿ ಎಲ್ಲಿ ಸೇರುತ್ತದೆ? ಮೀನುಗಾರನ ಹರಿಗೋಲು, ಮೀನು ಕೊಲ್ಲಬೇಕೆಂದೇ ಹೊರಡುವುದರಿಂದ, ಸಂಕಲ್ಪೀ ಹಿಂಸೆಯ ಪಾಲಿಗೆ ಬರುತ್ತದೆ. ವಿಹಾರದ ದೋಣಿ ನಡೆಸುವವನಿಗೆ ಅದು ಕಸುಬು, ಎಂದರೆ ಉದ್ಯೋಗೀ. ಆದರೆ ಅದರಲ್ಲಿ ಕೂರುವವನಿಗೆ ಅನ್ವಯಿಸುವುದು ಅನರ್ಥದಂಡ ವಿರತಿ, ಎಂದರೆ ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವ ವ್ರತ. ಸಮಂತಭದ್ರನ ರತ್ನಕರಂಡ ಶ್ರಾವಕಾಚಾರ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ, ಕಾರಣವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕದಡುವುದನ್ನು ಪ್ರಮಾದಚರ್ಯೆ ಎಂದು ಕರೆಯುತ್ತದೆ. ಮೋಟಾರು ದೋಣಿಯ ಅಲೆಗೆ ಗುಂಡಿಯ ಕಡಿದಾದ ಮಣ್ಣುಗೋಡೆ ಬುಡದಲ್ಲಿ ಕುಸಿದು, ಅದರಲ್ಲಿ ಬಿಲ ಕೊರೆದ ಮಿಂಚುಳ್ಳಿಯ ಮೊಟ್ಟೆಗಳು ನೀರುಪಾಲಾಗುವುದಕ್ಕೂ, ದೂರದಿಂದ ಹಾರಿಬಂದ ಹಕ್ಕಿಗಳು ಗದ್ದಲಕ್ಕೆ ಮತ್ತೆಮತ್ತೆ ಎದ್ದು ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಕಳೆದುಕೊಳ್ಳುವುದಕ್ಕೂ ಇದಕ್ಕಿಂತ ತಕ್ಕ ಹೆಸರು ಸಿಗುವುದು ಕಷ್ಟ.

ಹಾಗೆಂದು ನಲಿವನ್ನೆಲ್ಲ ನಿಷ್ಪ್ರಯೋಜಕವೆನ್ನುವುದು ಸನ್ಯಾಸಿಯ ಮಾತಾದೀತು. ಶ್ರಾವಕಾಚಾರ ಬರೆದದ್ದು ಗೃಹಸ್ಥನಿಗಾಗಿ. 2019ರ ಆಗಸ್ಟಿನಲ್ಲಿ ಗೋಕಾಕದ ಓಣಿಗಳಿಗೇ ನುಗ್ಗಿದ ಹೊಳೆಯನ್ನು ಭಯದಿಂದಷ್ಟೇ ಬಲ್ಲ ಮಕ್ಕಳು ಅದೇ ನೀರನ್ನು ಅಕ್ಕರೆಯಿಂದ ನೋಡುವಂತಾಗುವುದು ಸಣ್ಣ ಪ್ರಯೋಜನವಲ್ಲ. ದೋಣಿಯೂ ಹಕ್ಕಿಯೂ ಜೊತೆಗಿರಬಲ್ಲವು ಎಂಬುದಕ್ಕೂ ನಿದರ್ಶನವಿದೆ: ಕಾವೇರಿಗೆ 17ನೇ ಶತಮಾನದಲ್ಲಿ ಕಟ್ಟಿದ ಒಡ್ಡಿನಿಂದ ಮೂಡಿದ ನಡುಗಡ್ಡೆಗಳೇ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಅಲ್ಲಿ ಹುಟ್ಟು ಹಾಕುವ ದೋಣಿಗಳು ಗೂಡುಗಳ ಸಮೀಪದಲ್ಲೇ ಸಾಗುತ್ತವೆ, ಹಕ್ಕಿಗಳು ಜಾಗ ಬಿಟ್ಟು ಹೋಗಿಲ್ಲ. ಆದರೆ ಅಲ್ಲಿ ದೋಣಿ ಹೋಗುವುದು ಹಕ್ಕಿಯನ್ನು ನೋಡಲು. ಹೊಳೆ ಉಕ್ಕಿದಾಗ ಅದು ನಿಲ್ಲುತ್ತದೆ. ವೇಗಕ್ಕಾಗಿಯೇ ಓಡಿಸುವ ಮೋಟಾರು ದೋಣಿಯನ್ನು ಇದರೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಭಯಾರಣ್ಯದೊಳಗೆ ಪ್ರವಾಸಿಗಳಿಗೆ ಅನುಮತಿಯ ದಾರಿ ಇಟ್ಟಿದೆ. ಅದರ ಗಡಿಯಾಚೆಗಿನ ಗರಸಿನ ಗುಂಡಿಗಳಿಗೆ ಆ ಕಾವಲಿಲ್ಲ. ಅಲ್ಲಿ ಅನುಮತಿ ಕೊಡುವವರು, ಗುಂಡಿಯಲ್ಲಿ ಒಂದು ಪೂರ್ತಿ ವರ್ಷ ಯಾವ ಹಕ್ಕಿ ಯಾವ ತಿಂಗಳು ಇಳಿಯುತ್ತದೆ, ಯಾವ ದಡದಲ್ಲಿ ಗೂಡಿದೆ ಎಂಬುದನ್ನು ಬರೆದಿಡಿಸಿ, ಆಮೇಲೆ ಹುಟ್ಟಿನ ದೋಣಿಗೆ ಮಾತ್ರ, ವಲಸೆಯ ತಿಂಗಳುಗಳನ್ನೂ ಗೂಡಿನ ದಡವನ್ನೂ ಬಿಟ್ಟು, ಒಪ್ಪಿಗೆ ಕೊಡುವುದು ಸರಿ. ಹಾನಿಯಿಲ್ಲವೆಂದು ತೋರಿಸುವ ಹೊಣೆ ದೋಣಿ ಕೇಳುವವರದು.