ಪರದ ಊಟ ಮತ್ತು ಕೊನೆಯ ಪಂಕ್ತಿ

ಬೆಟ್ಟಕ್ಕೆ ಬಂದ ನಿಮ್ಮಲ್ಲಿ ಎಷ್ಟೋ ಜನ ಊರಿಗೆ ಹಿಂತಿರುಗಿದ ಮೇಲೆ ಪರ ಮಾಡುವವರಿದ್ದೀರಿ. ಮಂಡ್ಯ, ಮೈಸೂರು, ಚಾಮರಾಜನಗರ ಸೀಮೆಯವರಿಗೆ ಪರ ಎಂದರೇನೆಂದು ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳುವುದಾದರೆ, ಮಾದಪ್ಪನ ಹೆಸರಿನಲ್ಲಿ ಹರಕೆ ಹೊತ್ತು ಜನಕ್ಕೆ ಊಟ ಹಾಕುವುದು. ಅನ್ನದಾನದ ಪುಣ್ಯದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಎಷ್ಟು ಅಕ್ಕಿ ಹಾಕಬೇಕು ಅನ್ನುವುದನ್ನು ಮಾತ್ರ ಅಡುಗೆಯವರಿಗೆ ಬಿಟ್ಟು ಸುಮ್ಮನಾಗ್ತೀವಿ. ನನಗೆ ಕಂಡ ಮಟ್ಟಿಗೆ ಪಾಪ ಪುಣ್ಯದ ಪ್ರಶ್ನೆ ಶುರುವಾಗುವುದೇ ಆ ಲೆಕ್ಕದಲ್ಲಿ.

ಲೆಕ್ಕವೇನೂ ಕಷ್ಟವಿಲ್ಲ. ನಮ್ಮ ಕಡೆ ಅಡುಗೆಯವರು 100 ಜನಕ್ಕೆ 12 ಕೆಜಿ ಅಕ್ಕಿ ಹಿಡೀತಾರೆ. ಪಾಯಸ, ಪಲ್ಯ, ಕೋಸಂಬರಿ ಎಲ್ಲಾ ಇದ್ದರೆ 10 ಕೆಜಿ ಸಾಕು. ಗದ್ದೆ ಕೆಲಸದಿಂದ ನೇರ ಬಂದು ಕೂರುವ ಜನ ಹೆಚ್ಚಾದರೆ 15 ಬೇಕು. ಸಾರಿಗೆ ತೊಗರಿಬೇಳೆ ಮೂರರಿಂದ ನಾಲ್ಕು ಕೆಜಿ. ಐದು ಲೀಟರ್ ಮೊಸರಿದ್ದರೆ ನೀರು ಮಜ್ಜಿಗೆಯಾಗಿ ಎಲ್ಲರಿಗೂ ಬರುತ್ತದೆ. ಒಂದು ಕೆಜಿ ಅಕ್ಕಿ ಬೆಂದರೆ ಎರಡೂವರೆ ಕೆಜಿಗೂ ಮೇಲೆ ಅನ್ನ. ಇದಿಷ್ಟೂ ಗೊತ್ತಿರುವ ಸಂಗತಿ. ಗೊತ್ತಿಲ್ಲದ್ದು ಒಂದೇ, ಎಷ್ಟು ಜನ ಬರ್ತಾರೆ ಅಂತ. ಪರಕ್ಕೆ ಯಾರನ್ನೂ ಪಟ್ಟಿ ಮಾಡಿ ಕರೆಯುವುದಿಲ್ಲವಲ್ಲ!

ನಮ್ಮ ಮನೆಯಲ್ಲಿ ಒಂದು ವರ್ಷ 400 ಜನಕ್ಕೆಂದು 48 ಕೆಜಿ ಅಕ್ಕಿ ಹಾಕಿಸಿದೆ. ಮಧ್ಯಾಹ್ನ ಮಳೆ ಹಿಡೀತು. ಬಂದವರು 250 ಜನ. ಉಳಿದ ಅನ್ನ 45 ಕೆಜಿ ಆಗಿರಬೇಕು. ದನಗಳಿಗೆ ಹಾಕೋಣ ಅಂದರೆ, ಬೆಂದ ಅನ್ನ ಹೆಚ್ಚು ತಿಂದ ಹಸು ಹೊಟ್ಟೆ ಹುಳಿಯಾಗಿ ಸಾಯುವುದೂ ಉಂಟು. ಸಂಜೆ ಕಾಲೊನಿಯವರಿಗೆ ಕಳಿಸಿ ಅಂದರು ಯಾರೋ. ಮಧ್ಯಾಹ್ನದಿಂದ ಕೊಪ್ಪರಿಗೆಯಲ್ಲಿ ಬೆಚ್ಚಗೆ ಕೂತ ಅನ್ನದಲ್ಲಿ ವಿಷ ಹುಟ್ಟುತ್ತೆ, ಮತ್ತೆ ಬಿಸಿ ಮಾಡಿದರೂ ಅದು ಹೋಗುವುದಿಲ್ಲ. ನಮ್ಮ ಮಕ್ಕಳಿಗೆ ಬಡಿಸಲು ಹೆದರುವ ಅನ್ನವನ್ನು ದಾನ ಎಂದು ಕೊಡುವುದು ಯಾವ ನ್ಯಾಯ? ಬಡವರ ನೆನಪು ನಮಗೆ ಸಂಜೆ ನಾಲ್ಕು ಗಂಟೆಯ ಮೇಲೆ ಯಾಕೆ ಬರುತ್ತೋ ಕಾಣೆ. ಕೊನೆಗೆ ಎಲ್ಲಾ ತಿಪ್ಪೆಗೆ ಹೋಯಿತು.

ಮಾರನೇ ವರ್ಷ ಬುದ್ಧಿ ಬಂತೆಂದು 300 ಜನಕ್ಕೆ ಇಳಿಸಿದೆ. ಅಡುಗೆಯವರು "ಯೋಚ್ನೆ ಮಾಡಿ ಮೇಷ್ಟ್ರೇ" ಅಂದರು. ನಾನು ಕೇಳಲಿಲ್ಲ. ಆ ಸಲ 360 ಜನ ಬಂದರು. ಬೆಂಗಳೂರಿಗೆ ಬಸ್ಸು ಹಿಡಿಯಬೇಕೆಂದು ನಮ್ಮ ನೆಂಟರು ಎರಡನೇ ಪಂಕ್ತಿಗೇ ಕೂತಿದ್ದರು, ಅವರ ಜೊತೆ ನಾನೂ ಉಂಡೆ. ಅನ್ನ ಮುಗಿದಾಗ ಉಳಿದಿದ್ದವರು ತಮಟೆಯವರು, ಶಾಮಿಯಾನದ ಹುಡುಗರು, ಬೆಳಗಿನಿಂದ ಪಾತ್ರೆ ತೊಳೆದ ಒಬ್ಬ ತಾಯಿ ಮತ್ತು ಆಕೆಯ ಮಗ. ನಾನು ಜೇಬಿನಿಂದ ದುಡ್ಡು ತೆಗೆದು, ಹೋಟ್ಲಲ್ಲಿ ಊಟ ಮಾಡಮ್ಮ ಅಂದೆ. ಆಕೆ ಕೈ ಒರೆಸಿಕೊಂಡು, "ದುಡ್ಡು ಬ್ಯಾಡಿ ಮೇಷ್ಟ್ರೇ. ಮಾದಪ್ಪನ ಊಟ ಅಂತ ಕಾದಿದ್ದೆ" ಅಂದು ಮಗನನ್ನು ಕರಕೊಂಡು ಹೋದರು. ತಿಪ್ಪೆಗೆ ಸುರಿದ ಅನ್ನ ನನ್ನನ್ನು ಒಂದು ವಾರ ಕಾಡಿತ್ತು. ಈ ಮಾತು ಇನ್ನೂ ಬಿಟ್ಟಿಲ್ಲ.

ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯಲ್ಲಿ ಅನ್ನದ ವ್ರತಗಳು ಬರುತ್ತವೆ. ಅನ್ನವನ್ನು ತೆಗಳಬಾರದು, ಅನ್ನವನ್ನು ತಳ್ಳಿಹಾಕಬಾರದು, ಅನ್ನವನ್ನು ಹೆಚ್ಚಿಸಬೇಕು, ಮನೆಗೆ ಬಂದವರನ್ನು ಇಲ್ಲವೆನ್ನಬಾರದು. ಹೆಚ್ಚಿಸು ಅನ್ನುತ್ತದೆ, ತಳ್ಳಿಹಾಕಬೇಡ ಎಂದೂ ಅನ್ನುತ್ತದೆ. ಜನ ಎಷ್ಟೆಂದು ತಿಳಿಯದವನು ಎರಡನ್ನೂ ಹೇಗೆ ನಡೆಸಬೇಕು? ಮಿಕ್ಕರೆ ಮಿಕ್ಕಲಿ, ಸಾಲದೇ ಬರಬಾರದು ಎಂದು ಹಿರಿಯರು ಹೇಳುವುದುಂಟು. ಆ ಮಾತನ್ನು ನಾನು ಒಪ್ಪುತ್ತಿದ್ದೆ. ಈಗ ಅದರಲ್ಲಿ ಬಂದವರ ಹಸಿವಿಗಿಂತ ನಮ್ಮ ಮರ್ಯಾದೆಯ ಚಿಂತೆಯೇ ಹೆಚ್ಚು ಕಾಣುತ್ತದೆ. ಹಾಗಂತ ಕಡಿಮೆ ಮಾಡಿ ಜಾಣನಾಗುವುದೂ ಸರಿಯಲ್ಲ. ಅಂದಾಜು ಯಾವತ್ತಿದ್ದರೂ ತಪ್ಪುತ್ತದೆ. ತಪ್ಪಿದಾಗ ಅದು ಯಾರ ಎಲೆಯ ಮೇಲೆ ಬೀಳುತ್ತದೆ? ಅದನ್ನು ಮಾತ್ರ ನಾವು ಮೊದಲೇ ತೀರ್ಮಾನ ಮಾಡಬಹುದು. ನಾನು ತೀರ್ಮಾನ ಮಾಡದೇ ಬಿಟ್ಟಿದ್ದರಿಂದ ಅದು ಪಾತ್ರೆ ತೊಳೆದವರ ಎಲೆಯ ಮೇಲೆ ಬಿತ್ತು.

ವನಪರ್ವದಲ್ಲಿ ಬರುವ ಅಕ್ಷಯಪಾತ್ರೆಯ ಕಥೆ ಎಲ್ಲರಿಗೂ ಗೊತ್ತು. ಎಲ್ಲರಿಗೂ ಬಡಿಸಿ ದ್ರೌಪದಿ ತಾನು ಉಣ್ಣುವ ತನಕ ಆ ಪಾತ್ರೆ ಬರಿದಾಗುತ್ತಿರಲಿಲ್ಲ. ನಾವು ಪಾತ್ರೆಯ ಮಹಿಮೆ ಹಾಡುತ್ತೇವೆ, ಆಕೆ ಕೊನೆಗೆ ಉಣ್ಣುತ್ತಿದ್ದಳು ಅನ್ನುವುದು ಮರೆತುಬಿಡುತ್ತೇವೆ.

ಆಮೇಲೆ ಅಡುಗೆಯವರ ಜೊತೆ ಕೂತು ಕ್ರಮ ಬದಲಾಯಿಸಿದೆ. ದಾರಿ ತೋರಿಸಿದವರು ಅವರೇ. ಅಕ್ಕಿ 400 ಜನಕ್ಕೆ ತರುವುದು, ಬೇಯಿಸುವುದು 250 ಜನಕ್ಕೆ. ಪಕ್ಕದ ಒಲೆಯ ಮೇಲೆ ಹಂಡೆಯಲ್ಲಿ ಎಸರು ಕುದೀತಾ ಇರಬೇಕು. ಮೂರನೇ ಪಂಕ್ತಿ ಕೂತಾಗ ಬಾಗಿಲಲ್ಲಿ ನಿಂತವರನ್ನು ಎಣಿಸಿ ಅಷ್ಟಕ್ಕೇ ಅಕ್ಕಿ ಹಾಕಿದರೆ, ಆ ಪಂಕ್ತಿ ಏಳುವುದರೊಳಗೆ ಅನ್ನ ಆಗಿರುತ್ತೆ. ಬೇಳೆ ಸ್ವಲ್ಪ ಹೆಚ್ಚು ಬೇಯಿಸಿಟ್ಟಿದ್ದರೆ ಸಾರಿಗೂ ಕಷ್ಟವಿಲ್ಲ. ಪಾಯಸ ಹೀಗೆ ಮಾಡಲು ಆಗುವುದಿಲ್ಲ, ಅದಕ್ಕೆ ಸಣ್ಣ ಸೌಟು ಇಟ್ಟೆವು. ಬೇಡ ಎಂದು ಕೈ ಅಡ್ಡ ಹಿಡಿದವರ ಎಲೆಗೆ ಬಲವಂತವಾಗಿ ಸುರಿಯುವ ಉಪಚಾರ ಬಂದ್ ಮಾಡಿಸಿದೆ. ಕೆಲವರಿಗೆ ಬೇಜಾರಾಯಿತು, ಆಗಲಿ.

ಕೆಲಸದವರಿಗೆ ಮೂರನೇ ಪಂಕ್ತಿಯಲ್ಲಿ ಎಲೆ. ಮನೆಯವರು, ನೆಂಟರು ಎಲ್ಲರಿಗಿಂತ ಕೊನೆಗೆ.

ಕಳೆದ ವರ್ಷ ನಮ್ಮ ಸರದಿ ಬರುವಾಗ ಪಾಯಸ ಮುಗಿದಿತ್ತು, ಪಲ್ಯ ತಳ ಹಿಡಿದಿತ್ತು. ಅನ್ನ, ಮಜ್ಜಿಗೆ, ಉಪ್ಪಿನಕಾಯಿ ಹಾಕಿಕೊಂಡು ಉಂಡೆವು. ಬೆಂಗಳೂರಿನ ಅಳಿಯಂದಿರು ಮುಖ ಸಣ್ಣದು ಮಾಡಿಕೊಂಡರು. ಆ ತಾಯಿ ಮೂರನೇ ಪಂಕ್ತಿಯಲ್ಲಿ ಮಗನ ಜೊತೆ ಕೂತು ಉಂಡು, ಆಗಲೇ ಪಾತ್ರೆ ತೊಳೆಯಲು ಶುರು ಮಾಡಿದ್ದರು. 14 ಕೆಜಿ ಅಕ್ಕಿ ಮೂಟೆಯಲ್ಲೇ ಉಳಿದಿತ್ತು, ಸೋಮವಾರ ಅಂಗಡಿಯವರು ವಾಪಸ್ ತಗೊಂಡರು.