ಬಿಲ್ಲಿನ ತುದಿಯಿಂದ ಕಾಣುವುದೆಷ್ಟು?

ಹೋದ ಬೇಸಿಗೆಯಲ್ಲಿ ದೊಡ್ಡಪ್ಪನ ಮೇಲೆ ಗುಮಾನಿ ಹುಟ್ಟಿತು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಹತ್ತಿರ ನಮ್ಮಿಬ್ಬರ ಹೊಲಗಳಿಗೆ ಒಂದೇ ಬದು. ಮೊಬೈಲಿನಲ್ಲಿ ಉಪಗ್ರಹದ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಹೋಲಿಸಿದೆ. ಬದು ನಮ್ಮ ಕಡೆಗೆ ಸರಿದಿತ್ತು. ಚಿತ್ರ ಸುಳ್ಳು ಹೇಳುತ್ತದೆಯೇ? ದೊಡ್ಡಪ್ಪ ಕಳ್ಳ ಎಂದು ಕೂತಲ್ಲೇ ತೀರ್ಮಾನಿಸಿದೆ.

ಆಗ ನಾನು ಇಂಗ್ಲೆಂಡಿನ ಹಳೆಯ ವೈಮಾನಿಕ ಚಿತ್ರಗಳ ಹುಚ್ಚಿನಲ್ಲಿದ್ದೆ. 1919ರಲ್ಲಿ ಶುರುವಾದ ಏರೋಫಿಲ್ಮ್ಸ್ ಕಂಪನಿ ವಿಮಾನದಿಂದ ಊರು, ಕಾರ್ಖಾನೆ, ಜಮೀನ್ದಾರರ ಬಂಗಲೆಗಳ ಫೋಟೋ ತೆಗೆದು ಮಾರುತ್ತಿತ್ತು. ಆ ಜಮೀನ್ದಾರರಲ್ಲಿ ಹಲವರಿಗೆ ರೈಲು ಕಣ್ಣಿಗೆ ಬೀಳಬಾರದಿತ್ತು. ಶಗ್‌ಬರೋ ಎಸ್ಟೇಟಿನಲ್ಲಿ 1847ರ ರೈಲುಮಾರ್ಗ ಸುರಂಗದೊಳಗೆ ಹಾಯುತ್ತದೆ. ಸುರಂಗದ ಬಾಯಿಗೆ ಕೋಟೆಯಂಥ ಅಲಂಕಾರ. ನೆಲದ ಮೇಲೆ ಅಷ್ಟು ಜತನದಿಂದ ಕಟ್ಟಿದ ಮರೆಗಳು ವಿಮಾನದ ಕಣ್ಣಿಗೆ ಲೆಕ್ಕಕ್ಕಿಲ್ಲ. ಬಂಗಲೆ, ಕುದುರೆಲಾಯ, ಆಳುಗಳ ಮನೆ, ಹಳಿ ಎಲ್ಲವೂ ಒಂದೇ ಚೌಕಟ್ಟಿಗೆ ಬರುತ್ತವೆ. ದೊಡ್ಡವರ ಗೋಡೆಯನ್ನು ದಾಟಿದ ಈ ಕಣ್ಣು ನ್ಯಾಯದ ಕಣ್ಣೇ ಎಂದುಕೊಂಡೆ.

ಆದರೆ ಆ ಕಣ್ಣು ಬಡವರ ಹಿತ್ತಲನ್ನೂ ಬಿಡುವುದಿಲ್ಲ. 2009ರಲ್ಲಿ ಇಸ್ರೋ 'ಭುವನ್' ತಂದಿತು. ಈಗ ಯಾರು ಯಾರ ಅಂಗಳವನ್ನಾದರೂ ನೋಡಬಹುದು, ಒಂದು ಮಾತು ಕೇಳದೆ. ನಾನು ಮಾಡಿದ್ದೂ ಅದನ್ನೇ.

ಕೊನೆಗೆ ಹೊಲಕ್ಕೆ ಹೋದೆ. ದೊಡ್ಡಪ್ಪ ಜಗಳ ಮಾಡಲಿಲ್ಲ; ತನ್ನ ಹೊಲದ ಆಚೆಯಂಚಿಗೆ ಕರೆದೊಯ್ದ. ಹಳ್ಳ ಅಷ್ಟಗಲ ಮಣ್ಣು ಕೊರೆದಿತ್ತು. "ನಿಮ್ಮಪ್ಪನೇ ಬದು ಈಚೆ ಹಾಕ್ಕೋ ಅಂದಿದ್ದ" ಎಂದ. ಮನೆಗೆ ಬಂದು ಮತ್ತೆ ಚಿತ್ರ ತೆಗೆದೆ. ಹಳ್ಳ ಅದರಲ್ಲೂ ಇತ್ತು. ಬದುವನ್ನಷ್ಟೇ ಹುಡುಕುತ್ತಿದ್ದ ನನಗೆ ಕಂಡಿರಲಿಲ್ಲ. ಅಪ್ಪನ ಮಾತು ಮಾತ್ರ ಯಾವ ಚಿತ್ರದಲ್ಲೂ ಇಲ್ಲ. ಅಪ್ಪನೂ ಈಗಿಲ್ಲ. ನಂಬುವುದೋ ಬಿಡುವುದೋ ನನ್ನ ಪಾಲಿಗೆ ಉಳಿಯಿತು.

ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಯ ಕಾರಣಿಕ ನೋಡಿದವರಿಗೆ ಗೊತ್ತು. ಗೊರವಯ್ಯ ಬಿಲ್ಲನ್ನೇರುತ್ತಾನೆ. "ಸದ್ದಲೇ" ಎಂದ ಕೂಡಲೇ ಲಕ್ಷಗಟ್ಟಲೆ ಜನ ಮೌನವಾಗುತ್ತಾರೆ. ಒಂದೇ ಒಂದು ಮಾತು ನುಡಿದು ಕೆಳಗೆ ಬೀಳುತ್ತಾನೆ, ಜನ ಹಿಡಿದುಕೊಳ್ಳುತ್ತಾರೆ. ಮಾತಿನ ಅರ್ಥವನ್ನು ಮೇಲಿದ್ದವನು ಬಿಡಿಸುವುದಿಲ್ಲ. ಮಳೆಯೋ, ಬೆಳೆಯೋ, ರಾಜಕೀಯವೋ ಎಂದು ಕೆಳಗಿದ್ದವರು ವರ್ಷವಿಡೀ ಚರ್ಚಿಸುತ್ತಾರೆ.

ಮೇಲೇರಿ ನೋಡುವುದು ತಪ್ಪಲ್ಲ. ಮೇಲೆಯೇ ಕೂತು ತೀರ್ಪು ಕೊಡುವುದು ತಪ್ಪು. ಗೊರವಯ್ಯನಿಗೆ ಕೆಳಗಿನವರ ಕೈಗಳ ಮೇಲೆ ನಂಬಿಕೆಯಿದೆ. ನಾನು ಬಿಲ್ಲೇರಿದಾಗ ಅದಿರಲಿಲ್ಲ.

ಈ ಮುಂಗಾರಿಗೆ ದೊಡ್ಡಪ್ಪ, ನಾನು ಕೂಡಿ ಹಳ್ಳದ ಅಂಚಿಗೆ ಕಲ್ಲು ಕಟ್ಟಿದೆವು. ಬದು ಇದ್ದಲ್ಲೇ ಇದೆ.