ಮಂಗಳವಾರದ ರಜೆ

ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಕೆಲಸ ಕಳೆದುಕೊಂಡವರಿಗೆ ವಾರದ ಏಳೂ ದಿನ ಬಿಡುವು. ಅದನ್ನು ಯಾರೂ ಭಾನುವಾರ ಎನ್ನಲಿಲ್ಲ. ಹಾಗಾದರೆ ಬಿಡುವಿಗೂ ವಿಶ್ರಾಂತಿಗೂ ಇರುವ ವ್ಯತ್ಯಾಸವೇನು?

ವಿಶ್ರಾಂತಿಯೆಂದರೆ ದುಡಿಮೆಗೆ ಸಿಗುವ ಕೂಲಿ ಎನ್ನುವುದು ಸುಲಭದ ಉತ್ತರ. ಕೋರಮಂಡಲ್‌ನ ನನ್ನ ಗೆಳೆಯರು ಬೆಳಗಿನ ರೈಲು ಹಿಡಿದು, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ದುಡಿಯಲು ಹೋಗುವವರು. ಭಾನುವಾರ ಆರಾಧನೆ ಮುಗಿದರೆ ಚರ್ಚಿನ ಅಂಗಳದಲ್ಲಿ ಹರಟೆ, ಮಧ್ಯಾಹ್ನ ಯಾರದೋ ಮನೆಯಲ್ಲಿ ಬಿರಿಯಾನಿ, ಸಂಜೆ ಕ್ರಿಕೆಟ್. ಮಾಲ್‌ನಲ್ಲಿರುವ ಒಬ್ಬನಿಗೆ ಮಾತ್ರ ಮಂಗಳವಾರ ರಜೆ. ಅವನೂ ಉಳಿದವರಷ್ಟೇ ದುಡಿಯುತ್ತಾನೆ, ಅವನಿಗೂ ಒಂದು ದಿನ ಬಿಡುವಿದೆ. ಆದರೆ ಆ ದಿನ ಜೊತೆಗೆ ಹಾಡುವವರಿಲ್ಲ, ಆಡುವವರಿಲ್ಲ. ನಿದ್ದೆ ಮಾಡಿ ಎದ್ದರೆ ರಜೆ ಮುಗಿಯಿತು.

ವಿಮೋಚನಕಾಂಡದ ಆಜ್ಞೆಯಲ್ಲಿ ಸಬ್ಬತ್ ದಿನದ ಬಿಡುವು ಯಜಮಾನನಿಗಷ್ಟೇ ಅಲ್ಲ. ಆಳುಗಳಿಗೆ, ದನಕರುಗಳಿಗೆ, ಊರಲ್ಲಿರುವ ಪರದೇಶಿಗೂ ಇದೆ. ಎಲ್ಲರೂ ಒಟ್ಟಿಗೆ ಕೆಲಸ ನಿಲ್ಲಿಸಿದಾಗಲೇ ಅದು ವಿಶ್ರಾಂತಿ. ಈ ಅಳತೆಗೆ ನಮ್ಮ ಭಾನುವಾರವೂ ಅರೆಬರೆಯೇ. ನಾವು ಉಣ್ಣುವಾಗ ಅಮ್ಮಂದಿರು ಒಲೆಯ ಮುಂದಿರುತ್ತಾರೆ. ಈರುಳ್ಳಿ ಹೆಚ್ಚುವ, ಪಾತ್ರೆ ತೊಳೆಯುವ ಕೆಲಸವನ್ನು ನಾವೇ ವಹಿಸಿಕೊಳ್ಳಬಹುದು. ಗೆಳೆಯನ ಮಾತು ಅಷ್ಟು ಸುಲಭವಲ್ಲ: ಭಾನುವಾರ ಆ ಮಾಲ್ ತುಂಬಿಸುವವರು ನಮ್ಮಂಥ ರಜೆಯವರೇ.